ಎಲುಬು ಬೆಳೆಯಿತು, ಹಿಮ್ಮಡಿ ನೆಲ ಮುಟ್ಟಲಿಲ್ಲ

ನಾನು ದರ್ಜಿ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಓಣಿಯಲ್ಲಿ ಸಣ್ಣ ಅಂಗಡಿ. ಹದಿಮೂರು ವರ್ಷ ನನ್ನ ಪ್ಯಾಂಟುಗಳ ಎಡಗಾಲನ್ನು ಒಂದೂವರೆ ಇಂಚು ಗಿಡ್ಡ ಮಾಡಿ ನಾನೇ ಹೊಲಿದುಕೊಂಡಿದ್ದೇನೆ. 9ನೇ ವಯಸ್ಸಿನಲ್ಲಿ ಎಡ ಮೊಣಕಾಲಿನ ಕೆಳಗೆ ಎಲುಬಿನಲ್ಲಿ ಕೀವು ತುಂಬಿತ್ತು. ಕೀವು ವಾಸಿಯಾಯಿತು, ಆದರೆ ಎಲುಬು ಬೆಳೆಯುವ ಜಾಗವೇ ಕೆಟ್ಟಿತ್ತು. ದೊಡ್ಡವನಾಗುವ ಹೊತ್ತಿಗೆ ಎರಡು ಕಾಲಿಗೂ 4 ಸೆಂಟಿಮೀಟರ್ ವ್ಯತ್ಯಾಸ.

32ಕ್ಕೆ ಸೊಲ್ಲಾಪುರದಲ್ಲಿ ಗಿಡ್ಡ ಕಾಲನ್ನು ಉದ್ದ ಮಾಡೋ ಆಪರೇಷನ್ ಆಯಿತು. ಇಲಿಜರೋವ್ ಪದ್ಧತಿ. ಗಾವ್ರಿಲ್ ಇಲಿಜರೋವ್ ಅನ್ನೋ ಡಾಕ್ಟರು 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್ ಊರಿನಲ್ಲಿ ಬೆಳೆಸಿದ ವಿದ್ಯೆ ಇದು. ಎಲುಬನ್ನು ಹುಷಾರಾಗಿ ಕೊಯ್ದು, ಕಾಲಿನ ಸುತ್ತ ಉಕ್ಕಿನ ಬಳೆ ಹಾಕಿ, ಬಿಗಿದ ತಂತಿಗಳನ್ನು ಎಲುಬಿನ ಮೂಲಕವೇ ದಾಟಿಸಿ ಕೂರಿಸುತ್ತಾರೆ. ಬಳೆಗಳನ್ನು ನಟ್ಟು ಹಾಕಿದ ಸರಳುಗಳಿಂದ ಒಂದು ಚೌಕಟ್ಟಾಗಿ ಸೇರಿಸುತ್ತಾರೆ. ನನ್ನ ತಂತಿಗಳು 1.8 ಮಿಲಿಮೀಟರ್ ದಪ್ಪ. ಓಣಿಯ ಹುಡುಗರು ನೋಡಿ, "ಅಣ್ಣಾ, ಸೈಕಲ್ ಗಾಲಿ ಯಾಕ ಹಾಕ್ಕೊಂಡೀರಿ?" ಅಂದರು. ತಪ್ಪೇನಿಲ್ಲ, ಹಾಗೇ ಕಾಣುತ್ತೆ.

ಮೊದಲ 7 ದಿನ ಏನೂ ತಿರುಗಿಸಲಿಲ್ಲ. ಆಮೇಲೆ 10 ನಂಬರ್ ಸ್ಪ್ಯಾನರ್ ಕೈಗೆ ಬಂತು. ದಿನಕ್ಕೆ 4 ಸಲ, ಒಂದೊಂದು ಸಲ ನಟ್ಟನ್ನು ಕಾಲು ಸುತ್ತು. ಪ್ರತಿ ಕಾಲು ಸುತ್ತಿಗೂ ಕಾಲು ಮಿಲಿಮೀಟರ್, ದಿನಕ್ಕೆ 1 ಮಿಲಿಮೀಟರ್. ಯಾವ ಕಡೆ ತಿರುಗಿಸಬೇಕು ಅನ್ನೋದು ತಪ್ಪಬಾರದು ಅಂತ ನಟ್ಟುಗಳ ಮೇಲೆ ಹೆಂಡತಿಯ ಉಗುರು ಬಣ್ಣದಿಂದ ಗುರುತು ಹಾಕಿದ್ದೆ. ಕೊಯ್ದ ಎರಡು ತುದಿಗಳ ನಡುವೆ ದೇಹ ತಾನೇ ಹೊಸ ಎಲುಬು ನೇಯುತ್ತಾ ಹೋಗುತ್ತದೆ. ನಾವು ಮಾಡೋದು ಸ್ಪ್ಯಾನರ್ ತಿರುಗಿಸೋದಷ್ಟೇ.

ಎಲುಬು ಹೇಳಿದ ಹಾಗೆ ಕೇಳುತ್ತದೆ. ಮಾಂಸಖಂಡ ಕೇಳೋದಿಲ್ಲ. ಈ ಮಾತು ನನಗೆ ಮೊದಲೇ ತಲೆಗೆ ಹೋಗಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಆಸ್ಪತ್ರೆಯಲ್ಲಿ ಒಂದು ಜೆರಾಕ್ಸ್ ಹಾಳೆ ಕೊಟ್ಟಿದ್ದರು, ಅದರಲ್ಲಿ ವ್ಯಾಯಾಮದ ಚಿತ್ರಗಳು. ಮಾಡಿ ತೋರಿಸಿದವರಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದು ನೋವು ಕಡಿಮೆ ಅಂತ ಮೊಣಕಾಲಿನ ಕೆಳಗೆ ದಿಂಬು ಇಟ್ಟು ಮಲಗಿದೆ. ಎರಡು ವಾರ. ಆ ಎರಡು ವಾರದಲ್ಲಿ ಮೊಣಕಾಲು ಮಡಚಿದಂತೆಯೇ ಕೂತುಬಿಟ್ಟಿತು. ದಿಂಬು ಇಡಬೇಕಾದದ್ದು ಹಿಮ್ಮಡಿ ಕೆಳಗೆ. ಮೊಣಕಾಲು ಗಾಳಿಯಲ್ಲಿ ತೂಗಬೇಕು, ತನ್ನ ಭಾರಕ್ಕೆ ತಾನೇ ನೆಟ್ಟಗಾಗಬೇಕು. 10 ನಿಮಿಷಕ್ಕೇ ಕಣ್ಣಲ್ಲಿ ನೀರು ಬರುತ್ತೆ. ಆದರೂ ದಿನಕ್ಕೆ ನಾಲ್ಕೈದು ಸಲ ಮಾಡಿ, ಒಂದೂವರೆ ತಿಂಗಳಲ್ಲಿ ಅದನ್ನು ವಾಪಸ್ ತಂದೆ.

22ನೇ ದಿನದ ಸುಮಾರಿಗೆ ಬೆರಳುಗಳು ಜೋಮು ಹಿಡಿದವು. ಕೂಡಲೇ ಫೋನ್ ಮಾಡಿದೆ. 10 ದಿನ ದಿನಕ್ಕೆ 3 ಸಲ ಮಾತ್ರ ತಿರುಗಿಸಿ ಅಂದರು. ಜೋಮು ಇಳಿಯಿತು. ನರ ಎಳೆಯುತ್ತಿದೆ ಅಂತ ಅದರ ಅರ್ಥ. ಇಂಥದ್ದನ್ನು ಸಹಿಸಿಕೊಂಡು ಕೂರಬಾರದು. ಒಟ್ಟು 43 ದಿನದಲ್ಲಿ 4 ಸೆಂಟಿಮೀಟರ್ ಮುಗಿಯಿತು.

ಮುಗಿಯಿತು ಅಂದುಕೊಂಡೆ, ಅಲ್ವಾ? ಹೊಸ ಎಲುಬು ಗಟ್ಟಿಯಾಗೋಕೆ ಇನ್ನೂ ಐದು ತಿಂಗಳು ಚೌಕಟ್ಟು ಇರಬೇಕು. ಅಷ್ಟರಲ್ಲಿ ನನ್ನ ಹಿಮ್ಮಡಿ ಮೇಲಕ್ಕೆ ಎದ್ದಿತ್ತು. ಎಲುಬು ಉದ್ದವಾದಾಗ ಮೀನಖಂಡ ಬಿಗಿದು ಹಿಮ್ಮಡಿಯನ್ನು ಮೇಲಕ್ಕೆ ಎಳೆಯುತ್ತದೆ, ಪಾದ ಕೆಳಕ್ಕೆ ಬಾಗುತ್ತದೆ. ಇದನ್ನು ತಡೆಯೋಕೆ ಮೊದಲ ದಿನದಿಂದಲೇ ಪಾದವನ್ನು ಮೇಲಕ್ಕೆ ಕಟ್ಟಿಡಬೇಕಿತ್ತು. ನಾನು ತಡವಾಗಿ ಕಟ್ಟಿದೆ. ಹಳೇ ಚಪ್ಪಲಿಯ ಮುಂದಿನ ತುದಿಗೆ ಪೈಜಾಮಕ್ಕೆ ಹಾಕುವ ಅಗಲ ಎಲಾಸ್ಟಿಕ್ ಹೊಲಿದು, ಅದರ ಇನ್ನೊಂದು ತುದಿಯನ್ನು ಮೇಲಿನ ಬಳೆಗೆ ಕಟ್ಟಿದೆ. ಮುಂದಿನ ಸಲ ಡಾಕ್ಟರು ನೋಡಿ, "ಯಾರು ಮಾಡಿದ್ದು?" ಅಂತ ಕೇಳಿದರು. ನಾನು ದರ್ಜಿ ಸರ್ ಅಂದೆ. ರಾತ್ರಿ ಅದನ್ನು ಬಿಚ್ಚದೆ ಮಲಗೋದನ್ನು ಕಲಿಯೋಕೆ ಒಂದು ವಾರ ಬೇಕಾಯಿತು.

ಭಾರ ಹಾಕೋದಕ್ಕೂ ಹೆದರಿದ್ದೆ. ಹಾಕಿ, ಭಾರ ಬಿದ್ದರೇ ಎಲುಬು ಗಟ್ಟಿಯಾಗೋದು ಅಂತ ಡಾಕ್ಟರು ಶುರುವಿನಲ್ಲೇ ಹೇಳಿದ್ದರು. ನಾನು ಕಾಲು ನೇತುಹಾಕಿಕೊಂಡು ಊರುಗೋಲಿನಲ್ಲೇ ಓಡಾಡಿದೆ. ಕೊನೆಗೆ ತೂಕದ ಮಷೀನು ತಂದು ಅದರ ಮೇಲೆ ಎಡಗಾಲು ಒತ್ತಿ ನೋಡಿದೆ. 20 ಕೆಜಿ ಎಷ್ಟಿರುತ್ತೆ ಅಂತ ಕಾಲಿಗೆ ತಿಳಿಯಿತು. ವಾರಕ್ಕೆ 5 ಕೆಜಿ ಹೆಚ್ಚಿಸುತ್ತಾ ಹೋದೆ. ಕಾಲಿಗೆ ಲೆಕ್ಕ ಸಿಕ್ಕರೆ ಹೆದರಿಕೆ ತಾನೇ ಕಡಿಮೆಯಾಗುತ್ತೆ.

ನಮ್ಮೂರಿನ ಬೇಸಿಗೆ ಗೊತ್ತಲ್ಲ, ಮೇ ತಿಂಗಳಲ್ಲಿ 43 ಡಿಗ್ರಿ. ತಂತಿ ಚರ್ಮ ಸೇರುವ ಕಡೆ ಬೆವರು, ಧೂಳು. ಎರಡು ಸಲ ಕೆಂಪಾಗಿ ಕೀವು ಬಂತು, ಮಾತ್ರೆಯಲ್ಲಿ ಹೋಯಿತು. ದಿನಾ ಸಲೈನಿನಲ್ಲಿ ಒರೆಸೋದು, ಮೇಲೆ ಸಡಿಲ ಹತ್ತಿ ಬಟ್ಟೆ. ಬಿಸಿಲಿಗೆ ಹೋದರೆ ಬಳೆ ಸುಡುತ್ತಿತ್ತು. ಇನ್ನೊಂದು, ಶಹಾಬಾದ ಪರಸಿ ಕಲ್ಲಿನ ನೆಲ ಕಾಲಿಗೆ ತಂಪು, ಒದ್ದೆಯಾದರೆ ಊರುಗೋಲಿಗೆ ಯಮ. ಬಚ್ಚಲಿನ ಮುಂದೆ ಗೋಣಿಚೀಲ ಹಾಸಿದ್ದೆವು. ಬೀಡಿ ಬಿಟ್ಟೆ, ಅದು ಎಲುಬು ಕೂಡೋದನ್ನು ತಡ ಮಾಡುತ್ತೆ. ಊಟ ಮಾಮೂಲಿ, ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಜೊತೆಗೆ ದಿನಾ ಎರಡು ಮೊಟ್ಟೆ. ಇಷ್ಟು ಬಿಸಿಲಿರುವ ಊರಿನಲ್ಲೂ ನನ್ನ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಬಂತು. ದಿನವಿಡೀ ಅಂಗಡಿಯೊಳಗೆ ಕೂತರೆ ಇನ್ನೇನು?

ಚೌಕಟ್ಟು ತೆಗೆದ ಮೇಲೆ ಆರು ವಾರ ಪ್ಲಾಸ್ಟರ್ ಪಟ್ಟಿ. ಆಗಲೇ ಹೊಸ ಎಲುಬು ಮುರಿಯುವ ಭಯ ಜಾಸ್ತಿ ಅಂತ ಎಚ್ಚರಿಸಿದ್ದರು. ಪಟ್ಟಿ ಬಿಚ್ಚಿದ ದಿನ ಟೇಪು ಹಿಡಿದು ಅಳೆದೆ. ಮೀನಖಂಡದ ಸುತ್ತಳತೆ ಬಲಗಾಲಿಗಿಂತ 3.5 ಸೆಂಟಿಮೀಟರ್ ಕಡಿಮೆ. ನಿಂತರೆ ಹಿಮ್ಮಡಿ ನೆಲದಿಂದ ಒಂದು ಇಂಚು ಮೇಲೆ. ಇದು ಇಳಿಯದಿದ್ದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜುವನ್ನು ಉದ್ದ ಮಾಡೋ ಇನ್ನೊಂದು ಆಪರೇಷನ್ ಬೇಕಾಗಬಹುದು ಅಂದರು. ಅದು ಬೇಡವೇ ಬೇಡ ಅಂತ ಹಟ ಬಂತು.

ಇಲ್ಲಿ ನನ್ನ ಕಸುಬು ಕೈ ಹಿಡಿಯಿತು. ಅಂಗಡಿಯ ಮೂಲೆಯಲ್ಲಿ ಅಪ್ಪನ ಕಾಲದ ತುಳಿಯುವ ಮಷೀನು ಇತ್ತು. ಮೋಟಾರು ಮಷೀನು ಬಿಟ್ಟು ಅದಕ್ಕೆ ಕೂತೆ. ತುಳಿಯುವಾಗ ಪಾದ ಮೇಲೆ, ಕೆಳಗೆ, ಮೇಲೆ, ಕೆಳಗೆ. ದಿನಕ್ಕೆ ಸಾವಿರಾರು ಸಲ, ಬೇಸರವಿಲ್ಲದೆ, ದುಡ್ಡೂ ಬರುತ್ತೆ. ಜೊತೆಗೆ ಗೋಡೆಗೆ ಕೈಯೂರಿ ಮೀನಖಂಡ ಹಿಗ್ಗಿಸೋದು. ಇದನ್ನು ಎರಡು ಥರ ಮಾಡಬೇಕು. ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಸ್ವಲ್ಪ ಬಗ್ಗಿಸಿ ಒಮ್ಮೆ. ಮೀನಖಂಡದಲ್ಲಿ ಎರಡು ಖಂಡ ಇವೆ, ಮೇಲಿನದು ಮೊಣಕಾಲನ್ನೂ ದಾಟುತ್ತದೆ, ಒಳಗಿನದು ದಾಟೋದಿಲ್ಲ. ಒಂದೇ ಥರ ಮಾಡಿದರೆ ಇನ್ನೊಂದು ಬಿಗಿಯಾಗೇ ಉಳಿಯುತ್ತೆ. ಕಲಬುರಗಿಯಲ್ಲೇ ಒಬ್ಬ ಫಿಸಿಯೋಥೆರಪಿಸ್ಟ್ ಮೇಡಂ ಇದನ್ನು ಬಿಡಿಸಿ ಹೇಳಿದರು.

ಪಾದವನ್ನು ಗೋಡೆಯಿಂದ ಎಷ್ಟು ದೂರ ಇಟ್ಟು, ಹಿಮ್ಮಡಿ ಏಳದೆ, ಮೊಣಕಾಲನ್ನು ಗೋಡೆಗೆ ಮುಟ್ಟಿಸೋಕೆ ಆಗುತ್ತೆ ಅಂತ ನೋಡಬೇಕು. ಆ ದೂರವನ್ನು ಪ್ರತಿ ಭಾನುವಾರ ಟೇಪಿನಿಂದ ಅಳೆದು ಗಿರಾಕಿಗಳ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ಬಲಗಾಲು 11 ಸೆಂಟಿಮೀಟರ್. ಎಡಗಾಲಿಗೆ ಮೊದಲ ಎರಡು ತಿಂಗಳು ಬರೆಯೋಕೇ ಏನೂ ಇರಲಿಲ್ಲ. ಮೂರನೇ ತಿಂಗಳು ಹಿಮ್ಮಡಿ ನೆಲ ಮುಟ್ಟಿತು. ಐದನೇ ತಿಂಗಳಿಗೆ 4. ಈಗ 7ರಲ್ಲಿ ನಿಂತಿದೆ. ಎರಡನೇ ಆಪರೇಷನ್ ತಪ್ಪಿತು.

ಕಾಲು ಸಮ ಆಯಿತು, ಆದರೂ ನಾನು ಕುಂಟುತ್ತಿದ್ದೆ. ಇದಕ್ಕೆ ಯಾರೂ ನನ್ನನ್ನು ತಯಾರು ಮಾಡಿರಲಿಲ್ಲ. ಇಪ್ಪತ್ತು ವರ್ಷದಿಂದ ಸೊಂಟದ ಎಡ ಚಪ್ಪೆ ಇಳಿಸಿ ನಡೆದವನು. ದೇಹಕ್ಕೆ ಅದೇ ನಡಿಗೆ. ಚಪ್ಪೆಯ ಪಕ್ಕದ ಸ್ನಾಯು ಸೋತಿತ್ತು. ಬಲಕ್ಕೆ ಮಲಗಿ ಎಡಗಾಲು ಎತ್ತೋದು, ಕೌಂಟರಿಗೆ ಬೆರಳು ತಾಗಿಸಿ ಎಡಗಾಲ ಮೇಲೆ ಒಂಟಿಯಾಗಿ ನಿಲ್ಲೋದು, ಇವೆರಡು. ಅಂಗಡಿ ಬಾಗಿಲು ಹಾಕಿದ ಮೇಲೆ ಟ್ರಯಲ್ ರೂಮಿನ ಆಳುದ್ದದ ಕನ್ನಡಿಯ ಮುಂದೆ, ಪರಸಿ ಕಲ್ಲಿನ ಸಂದಿಯನ್ನೇ ಗೆರೆ ಮಾಡಿಕೊಂಡು ನಡೆದೆ. ಕಣ್ಣು ಸೊಂಟಪಟ್ಟಿಯ ಮೇಲೆ. ಗಿರಾಕಿಯ ಪ್ಯಾಂಟು ಓರೆ ನಿಂತರೆ ಹಿಡಿಯುವ ಕಣ್ಣು ನನ್ನ ಸೊಂಟವನ್ನೂ ಹಿಡಿಯಿತು. ಎಂಟು ತಿಂಗಳು ಬೇಕಾಯಿತು. ದಣಿದ ದಿನ ಈಗಲೂ ಸ್ವಲ್ಪ ವಾಲುತ್ತೇನೆ.

ಎತ್ತರ ಹೆಚ್ಚಿಸಿಕೊಳ್ಳಲು ಎರಡೂ ಕಾಲಿಗೆ ಮಾಡಿಸಲಾ ಅಂತ ಇಬ್ಬರು ಹುಡುಗರು ಅಂಗಡಿಗೆ ಬಂದು ಕೇಳಿದರು. ನಾನು ಪೈಜಾಮ ಮೇಲೆತ್ತಿ ತಂತಿಯ ಕಲೆಗಳನ್ನು ತೋರಿಸಿ, ಹಿಮ್ಮಡಿಯ ಕಥೆ ಹೇಳಿದೆ. ಹೊಸ ಶೂ ತಗೊಳ್ಳಿ ಅಂದೆ.

ಕುಕ್ಕರಗಾಲಿನಲ್ಲಿ ಪೂರ್ತಿ ಕೂರೋಕೆ ಇನ್ನೂ ಆಗೋದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುತ್ತೇನೆ. ಬೆಳಿಗ್ಗೆ ನಮ್ಮೂರಿನ ಅಪ್ಪನ ಕೆರೆಯ ಸುತ್ತ ಊರುಗೋಲಿಲ್ಲದೆ ನಡೆಯುತ್ತೇನೆ. ಚಳಿಗಾಲದಲ್ಲಿ ಮೊದಲ ಹತ್ತು ಹೆಜ್ಜೆ ಮರದ ಕಾಲಿನಂತೆ, ಆಮೇಲೆ ಸಡಿಲ. ಹೋದ ದೀಪಾವಳಿಗೆ ಮುಂಚೆ ನನ್ನ ಹಳೇ ಪ್ಯಾಂಟು ಎಲ್ಲಾ ತೆಗೆದು ಎಡಗಾಲಿನ ಮಡಿಕೆ ಬಿಚ್ಚಿದೆ. ಒಟ್ಟು ಒಂಬತ್ತು. ಮಡಿಕೆಯೊಳಗಿನ ಬಟ್ಟೆ ಬಣ್ಣ ಮಾಸದೆ ಉಳಿದಿತ್ತು, ಬುಡದಲ್ಲಿ ಒಂದೂವರೆ ಇಂಚಿನ ಪಟ್ಟಿ ಎದ್ದು ಕಾಣುತ್ತೆ. ಅಂಗಡಿಗೆ ಹಾಗೇ ಹಾಕಿಕೊಂಡು ಹೋಗುತ್ತೇನೆ.