ಮನೆಯಲ್ಲಿ ಏನು ಕೆಟ್ಟಿದೆ ಎಂದು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ

ಟ್ಯಾಪ್, ಪೈಪ್, ಸಿಂಕ್, ಸ್ವಿಚ್, ಫ್ಯೂಸ್, ಫ್ಯಾನ್, ಲಾಕ್, ವಾಷರ್. ಇಂಗ್ಲಿಷ್ ಬರುವುದಿಲ್ಲ ಎನ್ನುವವರ ಬಾಯಲ್ಲೂ ಈ ಪದಗಳು ದಿನಕ್ಕೆ ಹತ್ತು ಸಲ ಬಂದುಹೋಗುತ್ತವೆ. ಆದರೂ ರಿಪೇರಿಯವರಿಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಮಾತಾಡಬೇಕಾದಾಗ ನಾಲಿಗೆ ತಡವರಿಸುತ್ತದೆ. ವಸ್ತುವಿನ ಹೆಸರು ಗೊತ್ತು, ಅದು ಹೇಗೆ ಕೆಟ್ಟಿದೆ ಎಂದು ಹೇಳುವ ಕ್ರಿಯಾಪದ ಗೊತ್ತಿಲ್ಲ. ಮಾತು "ಟ್ಯಾಪ್ ಪ್ರಾಬ್ಲಂ" ಎನ್ನುವಲ್ಲಿಗೇ ನಿಂತುಬಿಡುತ್ತದೆ. ಯಾವ ಸಾಮಾನು ತರಬೇಕು, ಈಗಲೇ ಹೊರಡಬೇಕೋ ನಾಳೆ ಬಂದರೆ ಸಾಕೋ ಎಂಬುದು ಆಚೆ ಬದಿಯವರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ನೂರು ವಸ್ತುಗಳ ಪಟ್ಟಿ ಬಾಯಿಪಾಠ ಮಾಡುವುದನ್ನು ಬಿಡಿ. ಮೊದಲು ಇಪ್ಪತ್ತೈದು ಮೂವತ್ತು ಕ್ರಿಯಾಪದಗಳನ್ನು ಹಿಡಿಯಿರಿ.

ನೀರಿನಿಂದ ಶುರು ಮಾಡಿ

ಕನ್ನಡದಲ್ಲಿ ನಲ್ಲಿಯೂ ಸೋರುತ್ತದೆ, ಸೂರೂ ಸೋರುತ್ತದೆ, ಟ್ಯಾಂಕೂ ಸೋರುತ್ತದೆ. ಇಂಗ್ಲಿಷ್ ಇಲ್ಲಿ ತುಸು ಹೆಚ್ಚು ವಿಂಗಡಿಸುತ್ತದೆ. ತೊಟ್ಟು ತೊಟ್ಟಾಗಿ ಬಿದ್ದರೆ "ಡ್ರಿಪ್". ಬಿರುಕು ಅಥವಾ ಜಾಯಿಂಟ್ ಮೂಲಕ ನೀರು ಹೊರಬಂದರೆ "ಲೀಕ್". ಪೈಪ್ ಒಡೆದು ನೀರು ಚಿಮ್ಮಿದರೆ "ಬರ್ಸ್ಟ್". ತುಂಬಿ ಮೇಲಿನಿಂದ ಚೆಲ್ಲಿದರೆ "ಓವರ್‌ಫ್ಲೋ". "ದ ಟ್ಯಾಪ್ ಡ್ರಿಪ್ಸ್ ಈವನ್ ವೆನ್ ಐ ಟರ್ನ್ ಇಟ್ ಆಫ್ ಟೈಟ್" ಎಂದರೆ ಒಳಗಿನ ವಾಷರ್ ಸವೆದಿರಬಹುದು ಎಂದು ಪ್ಲಂಬರ್ ಊಹಿಸುತ್ತಾರೆ, ಹೊಸದೊಂದನ್ನು ಜೇಬಿಗೆ ಹಾಕಿಕೊಂಡು ಬರುತ್ತಾರೆ. "ದ ಪೈಪ್ ಹ್ಯಾಸ್ ಬರ್ಸ್ಟ್" ಎಂದರೆ ಕೈಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಕ್ರಿಯಾಪದ ಒಂದು ಬದಲಾದರೆ ಅವರ ಕೆಲಸವೇ ಬದಲಾಗುತ್ತದೆ.

"ದ ಟಾಯ್ಲೆಟ್ ಕೀಪ್ಸ್ ರನ್ನಿಂಗ್" ಎಂಬ ಮಾತು ಮೊದಲ ಸಲ ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ಫ್ಲಶ್ ಮಾಡಿದ ಮೇಲೂ ಟ್ಯಾಂಕಿನಿಂದ ಕಮೋಡಿಗೆ ನೀರು ನಿಲ್ಲದೆ ಹರಿಯುತ್ತಿದೆ ಎಂದಷ್ಟೇ ಅದರ ಅರ್ಥ. ಫ್ಲಶ್ಶೇ ಆಗದಿದ್ದರೆ "ದ ಟಾಯ್ಲೆಟ್ ವೋಂಟ್ ಫ್ಲಶ್". ಈ "ವೋಂಟ್" ಬಹಳ ಉಪಕಾರಿ. ವಸ್ತು ತನ್ನ ಕೆಲಸ ಮಾಡಲು ಒಲ್ಲೆ ಎನ್ನುತ್ತಿದೆ ಎಂಬ ಧಾಟಿ ಅದರಲ್ಲಿದೆ: "ದ ಡೋರ್ ವೋಂಟ್ ಶಟ್", "ದ ಕೀ ವೋಂಟ್ ಟರ್ನ್", "ದ ಸ್ಟೋವ್ ವೋಂಟ್ ಲೈಟ್". "ನಾಟ್ ವರ್ಕಿಂಗ್" ಎನ್ನುವ ಕಡೆಯೆಲ್ಲ ಇದನ್ನು ಬಳಸಿ ನೋಡಿ, ಮಾತು ತಕ್ಷಣ ಖಚಿತವಾಗುತ್ತದೆ.

ಸಿಂಕ್ ಕಟ್ಟಿಕೊಂಡರೆ "ಬ್ಲಾಕ್ಡ್" ಅಥವಾ "ಕ್ಲಾಗ್ಡ್". ನೀರು ನಿಧಾನಕ್ಕೆ ಇಳಿಯುತ್ತಿದ್ದರೆ "ಇಟ್ ಡ್ರೇನ್ಸ್ ಸ್ಲೋಲಿ". ಸಿಂಕಿನ ಕೆಳಗೆ ಬಗ್ಗಿ ನೋಡಿ. ಯು ಆಕಾರದಲ್ಲಿ ಬಾಗಿದ ಪೈಪಿಗೆ "ಟ್ರ್ಯಾಪ್" ಅಥವಾ "ಯು-ಬೆಂಡ್" ಎನ್ನುತ್ತಾರೆ. ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತು ಚರಂಡಿಯ ವಾಸನೆ ಮೇಲೆ ಬರದಂತೆ ತಡೆಯುತ್ತದೆ. ಬಹಳ ದಿನ ಬಳಸದೆ ನೀರು ಆರಿದರೆ ಗಬ್ಬು ನಾರುತ್ತದೆ. ಎಣ್ಣೆ ಜಿಡ್ಡು, ಅನ್ನದ ಅಗುಳು ಸಿಕ್ಕಿಕೊಳ್ಳುವುದೂ ಹೆಚ್ಚಾಗಿ ಅಲ್ಲೇ. ಅದರ ಜೊತೆಗೆ ನೀರು ಬಂದ್ ಮಾಡುವ "ಶಟಾಫ್ ವಾಲ್ವ್" ಮತ್ತು "ಜಾಯಿಂಟ್" ಎಂಬ ಎರಡು ಹೆಸರು ಕಲಿತರೆ ಸಿಂಕಿನ ಪಾಠಕ್ಕೆ ಸಾಕು.

ಕರೆಂಟಿನ ವಿಷಯದಲ್ಲಿ ಮುಖ್ಯವಾದದ್ದು ಎರಡು ಪದಗಳ ವ್ಯತ್ಯಾಸ. ಫ್ಯೂಸ್ "ಬ್ಲೋ" ಆಗುತ್ತದೆ, ತಾನಾಗಿ ಕೆಳಗೆ ಬಿದ್ದು ಕರೆಂಟ್ ಕಡಿಯುವ ಸ್ವಿಚ್, ಅಂದರೆ ಬ್ರೇಕರ್, "ಟ್ರಿಪ್" ಆಗುತ್ತದೆ. ಫ್ಯೂಸ್ ತಂತಿ ಕರಗಿತೆಂದರೆ ಮುಗಿಯಿತು, ಹೊಸದು ಹಾಕಬೇಕು. ಬ್ರೇಕರ್ ಕೆಳಗೆ ಬಿದ್ದರೆ ಮತ್ತೆ ಎತ್ತಬಹುದು. ಎತ್ತಿದ ಮೇಲೂ ಬೀಳುತ್ತಿದ್ದರೆ "ದ ಬ್ರೇಕರ್ ಕೀಪ್ಸ್ ಟ್ರಿಪ್ಪಿಂಗ್ ವೆನ್ ಐ ಟರ್ನ್ ಆನ್ ದ ವಾಟರ್ ಹೀಟರ್" ಎಂದು ಯಾವಾಗ ಬೀಳುತ್ತದೆ ಎಂಬುದನ್ನೂ ಸೇರಿಸಿ ಹೇಳಿ. ದೋಷ ಎಲ್ಲಿದೆ ಎಂಬುದರ ಅರ್ಧ ಉತ್ತರ ಅದರಲ್ಲೇ ಇದೆ.

ಕನ್ನಡ ಎಡವಿಸುವ ಜಾಗಗಳು

ಬರು, ಹೋಗು, ಹೊಡೆ. ಈ ಮೂರನ್ನು ಹಾಗೇ ಇಂಗ್ಲಿಷಿಗೆ ಎಳೆದು ತಂದರೆ ವಾಕ್ಯ ಕೆಡುತ್ತದೆ. "ಗ್ಯಾಸ್ ವಾಸನೆ ಬರ್ತಾ ಇದೆ" ಎಂಬುದು "ಗ್ಯಾಸ್ ಸ್ಮೆಲ್ ಈಸ್ ಕಮಿಂಗ್" ಅಲ್ಲ, "ಐ ಕ್ಯಾನ್ ಸ್ಮೆಲ್ ಗ್ಯಾಸ್". ಈ ಒಂದು ವಾಕ್ಯ ನಿದ್ದೆಗಣ್ಣಲ್ಲೂ ಬಾಯಿಗೆ ಬರಬೇಕು. ಆ ಹೊತ್ತಿನಲ್ಲಿ ಯಾವ ಸ್ವಿಚ್ಚನ್ನೂ ಮುಟ್ಟದೆ, ಬೆಂಕಿ ಹಚ್ಚದೆ ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಿ "ಐ ಕ್ಯಾನ್ ಸ್ಮೆಲ್ ಗ್ಯಾಸ್. ವಿ ಆರ್ ಔಟ್‌ಸೈಡ್ ನೌ" ಎನ್ನಿ. ಉಳಿದವು ಅಷ್ಟು ತುರ್ತಿನವಲ್ಲ: ನೀರು ಬರ್ತಿಲ್ಲ, "ದೇರ್ ಈಸ್ ನೋ ವಾಟರ್". ಶಬ್ದ ಬರ್ತಿದೆ, "ಇಟ್ ಈಸ್ ಮೇಕಿಂಗ್ ಎ ನಾಯ್ಸ್". ಕರೆಂಟ್ ಹೋಯ್ತು, "ದ ಪವರ್ ಈಸ್ ಔಟ್". ಕರೆಂಟ್ ಬಂತು, "ದ ಪವರ್ ಈಸ್ ಬ್ಯಾಕ್". ಸ್ವಿಚ್ ಮುಟ್ಟಿದರೆ ಶಾಕ್ ಹೊಡೀತು, "ಐ ಗಾಟ್ ಎ ಶಾಕ್ ಫ್ರಮ್ ದ ಸ್ವಿಚ್".

ಇನ್ನೊಂದು ಜಾಗ "ಇಂದ". ಪೈಪಿನಿಂದ, ಸೋಮವಾರದಿಂದ, ಮೂರು ದಿನದಿಂದ ಎಂದು ನಾವು ಒಂದೇ ಪ್ರತ್ಯಯದಲ್ಲಿ ಮುಗಿಸುತ್ತೇವೆ. ಇಂಗ್ಲಿಷಿಗೆ ಮೂರು ಬೇಕು. ಜಾಗಕ್ಕೆ "ಫ್ರಮ್ ದ ಪೈಪ್", ಶುರುವಾದ ಹೊತ್ತಿಗೆ "ಸಿನ್ಸ್ ಮಂಡೇ", ಕಳೆದ ಅವಧಿಗೆ "ಫಾರ್ ತ್ರೀ ಡೇಸ್". ಕ್ರಿಯಾಪದವೂ ಜೊತೆಗೆ ಬದಲಾಗುತ್ತದೆ: "ಇಟ್ ಹ್ಯಾಸ್ ಬೀನ್ ಲೀಕಿಂಗ್ ಫಾರ್ ತ್ರೀ ಡೇಸ್". "ಇಟ್ ಈಸ್ ಲೀಕಿಂಗ್ ಸಿನ್ಸ್ ತ್ರೀ ಡೇಸ್" ಎನ್ನುವುದು ನಮ್ಮಲ್ಲಿ ಬಹಳ ಸಾಮಾನ್ಯವಾದ ತಪ್ಪು.

"ಅಲ್ಲಿ" ಎಂಬ ಪ್ರತ್ಯಯದ ಕಥೆಯೂ ಹೀಗೆಯೇ. ಬಿರುಕು ಗೋಡೆಯ ಒಳಗೆ ಇಳಿದಿರುತ್ತದೆ, ಆದ್ದರಿಂದ "ಎ ಕ್ರ್ಯಾಕ್ ಇನ್ ದ ವಾಲ್". ಕಲೆ ಮೇಲ್ಮೈ ಮೇಲೆ ಕೂತಿರುತ್ತದೆ, ಆದ್ದರಿಂದ "ಎ ಸ್ಟೇನ್ ಆನ್ ದ ಸೀಲಿಂಗ್".

ಮಾಡು, ಮಾಡಿಸು ಎಂಬ ಭೇದ ನಮ್ಮ ಭಾಷೆಯ ಸೊಗಸು. ಅದನ್ನು ಇಂಗ್ಲಿಷಿನಲ್ಲಿ ಕಳೆದುಕೊಳ್ಳಬೇಡಿ. "ಐ ರಿಪೇರ್ಡ್ ದ ಪಂಪ್" ಎಂದರೆ ಸ್ಪ್ಯಾನರ್ ಹಿಡಿದು ನೀವೇ ಕೂತು ಸರಿಮಾಡಿದಿರಿ ಎಂದಾಗುತ್ತದೆ. ವಾರಂಟಿ ಇರುವ ಯಂತ್ರದ ಬಗ್ಗೆ ಹಾಗೆ ಹೇಳಿದರೆ, ನೀವಾಗಿ ಬಿಚ್ಚಿದಿರಾ ಎಂಬ ಪ್ರಶ್ನೆ ಬರಬಹುದು. ರಿಪೇರಿ ಮಾಡಿಸಿದೆ ಎನ್ನಲು "ಐ ಗಾಟ್ ದ ಪಂಪ್ ರಿಪೇರ್ಡ್" ಎನ್ನಿ. ಕ್ರಮ ಗಮನಿಸಿ: ಗೆಟ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ. "ಐ ನೀಡ್ ಟು ಗೆಟ್ ದ ಟ್ಯಾಂಕ್ ಕ್ಲೀನ್ಡ್", "ವಿ ಗಾಟ್ ದ ಲಾಕ್ ಚೇಂಜ್ಡ್". ಫ್ಯಾನ್ ರಿಪೇರಿಗೆ ಬಂದಿದೆ ಎನ್ನಲು "ಫ್ಯಾನ್ ಕೇಮ್ ಟು ರಿಪೇರ್" ಎಂದರೆ ಫ್ಯಾನೇ ಏನನ್ನೋ ರಿಪೇರಿ ಮಾಡಲು ಬಂದಂತೆ ಕೇಳುತ್ತದೆ. "ದ ಫ್ಯಾನ್ ನೀಡ್ಸ್ ರಿಪೇರಿಂಗ್" ಸರಿ.

ಉಚ್ಚಾರದಲ್ಲಿ ಕೆಲವೇ ವಿಷಯ. ಪ್ಲಂಬರ್ ಪದದಲ್ಲಿ ಬಕಾರ ಕೇಳಿಸುವುದಿಲ್ಲ, "ಪ್ಲಮರ್". ಕಪಾಟಿನ ಇಂಗ್ಲಿಷ್ ಪದದಲ್ಲಿ ಪಕಾರವಿಲ್ಲ, "ಕಬರ್ಡ್". "ಲೀಕ್" ದೀರ್ಘ, ಹ್ರಸ್ವ ಮಾಡಿದರೆ ನೆಕ್ಕು ಎಂಬ ಅರ್ಥ ಬಂದುಬಿಡುತ್ತದೆ. ಪೈಪು, ಬಲ್ಬು, ಸಿಂಕು ಎಂದು ಕೊನೆಗೆ ಉಕಾರ ಸೇರಿಸುವ ರೂಢಿಯನ್ನು ಇಂಗ್ಲಿಷ್ ಮಾತಾಡುವಾಗ ಬದಿಗಿಡಿ. ಹಾಲ್ ಎಂದರೆ ಬೇರೆ ದೇಶದವರಿಗೆ ನಡುವಿನ ಓಣಿ, ನಾವು ಕೂರುವ ಕೋಣೆ "ಲಿವಿಂಗ್ ರೂಮ್". ಟ್ಯಾಪ್, ಸಾಕೆಟ್, ಫ್ಲ್ಯಾಟ್ ಬ್ರಿಟಿಷ್ ಪದಗಳು. ಅಮೆರಿಕದವರು ಫಾಸೆಟ್, ಔಟ್‌ಲೆಟ್, ಅಪಾರ್ಟ್‌ಮೆಂಟ್ ಎನ್ನುತ್ತಾರೆ. ಬ್ರಿಟಿಷರ ಗ್ರೌಂಡ್ ಫ್ಲೋರ್ ಅಮೆರಿಕದಲ್ಲಿ ಸಾಮಾನ್ಯವಾಗಿ ಫಸ್ಟ್ ಫ್ಲೋರ್. ವಿಳಾಸ ಹೇಳುವಾಗ ಇದು ನೆನಪಿರಲಿ.

ಫೋನಿನ ಮಾತು

ಏನು, ಎಲ್ಲಿ, ಎಂದಿನಿಂದ, ಎಷ್ಟು ಜೋರು, ಈವರೆಗೆ ಏನು ಮಾಡಿದ್ದೀರಿ, ಏನು ಬೇಕು. ಈ ಕ್ರಮದಲ್ಲಿ ಹೇಳಿದರೆ ಯಾರಿಗೂ ಮತ್ತೆ ಮತ್ತೆ ಕೇಳುವ ಕಷ್ಟವಿಲ್ಲ.

— ಹಲೋ, ದೇರ್ ಈಸ್ ಎ ಲೀಕ್ ಅಂಡರ್ ಮೈ ಕಿಚನ್ ಸಿಂಕ್.
— ವೇರ್ ಎಕ್ಸಾಕ್ಟ್ಲಿ ಈಸ್ ಇಟ್ ಕಮಿಂಗ್ ಫ್ರಮ್?
— ಫ್ರಮ್ ದ ಜಾಯಿಂಟ್, ಜಸ್ಟ್ ಅಬೋವ್ ದ ಯು-ಬೆಂಡ್. ಇಟ್ ಹ್ಯಾಸ್ ಬೀನ್ ಲೀಕಿಂಗ್ ಸಿನ್ಸ್ ಲಾಸ್ಟ್ ನೈಟ್.
— ಈಸ್ ಇಟ್ ಬ್ಯಾಡ್?
— ಇಟ್ ಫಿಲ್ಸ್ ಎ ಬಕೆಟ್ ಎವ್ರಿ ಟೈಮ್ ವಿ ಯೂಸ್ ದ ಸಿಂಕ್. ಐ ಟೈಟನ್ಡ್ ದ ನಟ್, ಬಟ್ ಇಟ್ ಡಿಡಂಟ್ ಹೆಲ್ಪ್.
— ಓಕೆ.
— ಕುಡ್ ಯು ಸೆಂಡ್ ಸಮ್‌ಒನ್ ಟುಡೇ? ಆಂಡ್ ಹೌ ಮಚ್ ಡು ಯು ಚಾರ್ಜ್ ಫಾರ್ ಎ ವಿಸಿಟ್?

"ಎ ಬಕೆಟ್ ಎವ್ರಿ ಟೈಮ್" ಎಂಬ ಅಳತೆ ನೋಡಿ. "ಟೂ ಮಚ್ ಲೀಕಿಂಗ್" ಎನ್ನುವುದಕ್ಕಿಂತ ಅದು ಎಷ್ಟೋ ಪಾಲು ಹೆಚ್ಚು ತಿಳಿಸುತ್ತದೆ. "ಕುಡ್ ಯು" ಸಹ ಬಿಡಬೇಡಿ. ಕನ್ನಡದಲ್ಲಿ "ಕಳಿಸಿ" ಎಂದಾಗ ಗೌರವ ಆ ರೂಪದಲ್ಲೇ ಇರುತ್ತದೆ. ಇಂಗ್ಲಿಷಿನ "ಸೆಂಡ್ ಫಾಸ್ಟ್" ಬರೀ ಅಪ್ಪಣೆಯಂತೆ ಕೇಳುತ್ತದೆ.

ಅಭ್ಯಾಸಕ್ಕೆ ಇಬ್ಬರು ಬೇಕು. ಬೆನ್ನಿಗೆ ಬೆನ್ನು ಹಾಕಿ ಕೂತುಕೊಳ್ಳಿ. ಎದುರುಬದುರು ಕೂತರೆ ಕೈ ತೋರಿಸಿ "ದಿಸ್ ಒನ್, ದಟ್ ಒನ್" ಎಂದು ಪಾರಾಗುತ್ತೀರಿ, ಫೋನಿನಲ್ಲಿ ಆ ದಾರಿ ಇರುವುದಿಲ್ಲ. ಒಬ್ಬರು ಕೆಟ್ಟ ವಸ್ತುವನ್ನು ವಿವರಿಸಲಿ, ಇನ್ನೊಬ್ಬರು ಕೇಳಿದಷ್ಟನ್ನೇ ಕಾಗದದ ಮೇಲೆ ಚಿತ್ರ ಬಿಡಿಸಲಿ. ಕೊನೆಗೆ ಚಿತ್ರ ನೋಡಿದರೆ ಯಾವ ಪದ ಕೈಕೊಟ್ಟಿತು ಎಂದು ಗೊತ್ತಾಗುತ್ತದೆ.

ಒಬ್ಬರೇ ಇದ್ದರೆ ಚೀಟಿ ಅಂಟಿಸಿ, ಆದರೆ ಕಿಟಕಿಯ ಮೇಲೆ "ವಿಂಡೋ" ಎಂದು ಬರೆಯುವುದು ದಂಡ. "ದ ವಿಂಡೋ ರ‍್ಯಾಟಲ್ಸ್ ವೆನ್ ಇಟ್ಸ್ ವಿಂಡಿ" ಎಂದು ಪೂರ್ತಿ ವಾಕ್ಯ ಬರೆಯಿರಿ. ಕಿರುಗುಟ್ಟುವ ಬಾಗಿಲಿಗೆ "ಸ್ಕ್ವೀಕ್", ಗುಂಯ್ ಎನ್ನುವ ಫ್ರಿಜ್ಜಿಗೆ "ಹಮ್", ಗುಳುಗುಳು ಎನ್ನುವ ಡ್ರೇನಿಗೆ "ಗರ್ಗಲ್", ಬುಸ್ ಎನ್ನುವ ಗ್ಯಾಸ್ ನಳಿಕೆಗೆ "ಹಿಸ್". ದಿನಕ್ಕೆ ಐದು ವಾಕ್ಯ ಸಾಕು. ಅದೇ ಐದನ್ನು ಮರುದಿನ, ಮೂರನೇ ದಿನ, ವಾರದ ಬಳಿಕ ಚೀಟಿ ನೋಡದೆ ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲೇ ಓದಿಕೊಂಡದ್ದು ಫೋನ್ ಹಿಡಿದಾಗ ನೆರವಿಗೆ ಬರುವುದಿಲ್ಲ.

ಕೆಲಸ ಮುಗಿಸಿ ಹೊರಡುವವರಿಗೆ ಹೇಳಬೇಕಾದ ಮಾತೂ ಒಂದಿದೆ: "ಕುಡ್ ಯು ರನ್ ದ ಟ್ಯಾಪ್ ಫಾರ್ ಎ ಮಿನಿಟ್ ಬಿಫೋರ್ ಯು ಗೋ?" ನೀರು ಬಿಟ್ಟಾಗ ಅದೇ ಜಾಯಿಂಟ್ ಒದ್ದೆಯಾದರೆ "ಇಟ್ಸ್ ಸ್ಟಿಲ್ ಲೀಕಿಂಗ್" ಎನ್ನಿ. "ಸ್ಟಿಲ್" ಎಂದರೆ ಸೋರಿಕೆ ನಿಂತೇ ಇರಲಿಲ್ಲ ಎಂದರ್ಥ. ವಾರ ಸರಿಯಿದ್ದು ಆಮೇಲೆ ಶುರುವಾದರೆ "ಇಟ್ಸ್ ಲೀಕಿಂಗ್ ಅಗೇನ್". ಮೊದಲನೆಯದು ಅರ್ಧಕ್ಕೆ ನಿಂತ ಕೆಲಸದ ಮಾತು, ಎರಡನೆಯದು ಹೊಸದಾಗಿ ಕರೆಸುವ ಮಾತು.