ಲಾರ್ಜ್ ಬ್ಲೂ ಚಿಟ್ಟೆಗಾಗಿ ಹುಲ್ಲುಗಾವಲನ್ನು ಹದಗೊಳಿಸುವ ಬಗೆ

ಇಂಗ್ಲೆಂಡಿನ ನೈಋತ್ಯ ಭಾಗದ ಗುಡ್ಡಗಳಲ್ಲಿ ಲಾರ್ಜ್ ಬ್ಲೂ ಚಿಟ್ಟೆಗೆ ನೆಲೆ ಸಿದ್ಧಪಡಿಸಬೇಕೆಂದಿರುವವರು ಮೊದಲು ಇರುವೆಯನ್ನು ಹುಡುಕಬೇಕು. ಥೈಮ್ ಎಂಬ ಸುವಾಸನೆಯ ಪುಟ್ಟ ಗಿಡದ ಹೂಗಳನ್ನು ಎರಡು ಮೂರು ವಾರ ತಿಂದು ನೆಲಕ್ಕೆ ಬೀಳುವ ಮರಿಹುಳುವನ್ನು ಕೆಂಪಿರುವೆಗಳು ತಮ್ಮದೇ ಮರಿಯೆಂದು ಭ್ರಮಿಸಿ ಗೂಡಿಗೆ ಹೊತ್ತೊಯ್ಯುತ್ತವೆ. ಅಲ್ಲಿ ಅದು ಸುಮಾರು ಹತ್ತು ತಿಂಗಳು ಇರುವೆಮರಿಗಳನ್ನೇ ತಿಂದು ಬೆಳೆಯುತ್ತದೆ. ಮಿರ್ಮಿಕಾ ಸಬುಲೆಟಿ ಎಂಬ ಇರುವೆಯ ಗೂಡಿನಲ್ಲಿ ಮಾತ್ರ ಅದು ಸಾಕಷ್ಟು ಸಂಖ್ಯೆಯಲ್ಲಿ ಬದುಕುಳಿಯುತ್ತದೆ.

ದಕ್ಷಿಣಕ್ಕೆ ಮುಖಮಾಡಿದ, ಥೈಮ್ ಹರಡಿರುವ ಇಳಿಜಾರನ್ನು ಆರಿಸಿಕೊಂಡು, ಗಿಡಗಳ ಬಳಿ ಸಿಹಿ ತಿನಿಸಿನ ಚೂರುಗಳನ್ನಿಟ್ಟು, ಬಂದ ಇರುವೆಗಳನ್ನು ಬಲ್ಲವರಿಂದ ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಹತ್ತಿರದ ಸಂಬಂಧಿಗಳಾದ ಬೇರೆ ಕೆಂಪಿರುವೆಗಳೂ ನೋಟಕ್ಕೆ ಹಾಗೆಯೇ ಇರುವುದರಿಂದ ಇಲ್ಲಿ ಅವಸರ ಸಲ್ಲದು.

ಇನ್ನು ಹುಲ್ಲಿನ ಎತ್ತರ. ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದುದು ಇದಕ್ಕೇ. ಸಬುಲೆಟಿಗೆ ಬೆಚ್ಚಗಿನ ಮಣ್ಣು ಬೇಕು. ಹುಲ್ಲು ಮೂರು ನಾಲ್ಕು ಸೆಂಟಿಮೀಟರ್ ಮೀರಿದರೆ ನೆರಳಿನಿಂದ ಮಣ್ಣು ತಂಪಾಗಿ ಆ ಇರುವೆ ಜಾಗ ಬಿಡುತ್ತದೆ. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗದಿಂದ ಮೊಲಗಳು ಸತ್ತು, ದನಕುರಿಗಳನ್ನು ಮೇಯಿಸುವುದೂ ನಿಂತಾಗ ಆದದ್ದು ಇದೇ: 1979ರಲ್ಲಿ ಈ ಚಿಟ್ಟೆ ಬ್ರಿಟನ್ನಿನಿಂದ ಅಳಿಯಿತು. ಅದಕ್ಕೂ ಮೊದಲು, ಚಿಟ್ಟೆ ಹಿಡಿಯುವವರನ್ನು ತಡೆಯಲೆಂದು ಹಾಕಿದ ಬೇಲಿ ಮೇಯುವ ಪ್ರಾಣಿಗಳನ್ನೂ ಹೊರಗಿಟ್ಟಿತ್ತೆಂಬುದು ಇಂದಿಗೂ ಮನಸ್ಸನ್ನು ನೋಯಿಸುವ ಸಂಗತಿ. ಚಿಟ್ಟೆಗಳ ಅಧ್ಯಯನಕಾರ ಜೆರೆಮಿ ಥಾಮಸ್ ಅವರ ಸಂಶೋಧನೆಯಿಂದ ಕಾರಣ ತಿಳಿದ ಬಳಿಕವೇ, 1983ರಲ್ಲಿ ಸ್ವೀಡನ್ನಿನಿಂದ ತಂದ ಚಿಟ್ಟೆಗಳು ಮತ್ತೆ ನೆಲೆಗೊಳ್ಳತೊಡಗಿದವು.

ಆದ್ದರಿಂದ ಪೊದೆಗಳನ್ನು ಕಡಿದು, ಶರತ್ಕಾಲದಿಂದ ವಸಂತದವರೆಗೆ ದನ, ಕುರಿ ಅಥವಾ ಕುದುರೆಗಳನ್ನು ಚೆನ್ನಾಗಿ ಮೇಯಿಸಿ, ಥೈಮ್ ಮೊಗ್ಗುಬಿಡುವ ಹೊತ್ತಿಗೆ ಅವುಗಳನ್ನು ಹೊರಗೆ ಕಳುಹಿಸಬೇಕು. ಮೊಗ್ಗುಗಳನ್ನು ಮೇದರೆ ಮೊಟ್ಟೆಗಳಿಗೆ ಜಾಗವಿರುವುದಿಲ್ಲ.

ಚಿಟ್ಟೆಯನ್ನು ಜೂನ್–ಜುಲೈನಲ್ಲಿ ಗುರುತಿಸಬಹುದು. ಹೊಳೆವ ನೀಲಿ ರೆಕ್ಕೆಗಳಿಗೆ ಕಪ್ಪು ಅಂಚಿರುತ್ತದೆ. ಮುಂದಿನ ರೆಕ್ಕೆಯ ಮೇಲ್ಭಾಗದಲ್ಲಿ ಕಪ್ಪು ಚುಕ್ಕೆಗಳ ಸಾಲಿದ್ದು, ಅಲ್ಲಿನ ಬೇರಾವ ನೀಲಿ ಚಿಟ್ಟೆಗೂ ಅಂಥ ಸಾಲಿಲ್ಲ. ಕಾನೂನಿನ ರಕ್ಷಣೆಯಿರುವುದರಿಂದ ಅದನ್ನು ಹಿಡಿಯಬಾರದು. ಎಣಿಕೆ ಬೇಕೆನಿಸಿದರೆ, ಮೊಗ್ಗುಗಳ ನಡುವೆ ಸಿಕ್ಕಿಕೊಂಡ ಬಿಳಿಯ ಪುಟ್ಟ ಮೊಟ್ಟೆಗಳನ್ನು ಗಿಡ ತುಳಿಯದಂತೆ ಬಗ್ಗಿ ನೋಡಿ ಲೆಕ್ಕವಿಡಬಹುದು.