ಹಾರ್ಟ್ ಫೇಲ್ಯೂರ್: ಮನೆಯಲ್ಲೇ ಉಪಶಮನ ಆರೈಕೆ ಹೇಗೆ?

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಗುವುದಲ್ಲ, ರಕ್ತವನ್ನು ಸಾಕಷ್ಟು ಪಂಪ್ ಮಾಡಲಾಗದೆ ಸೋಲುವುದು. ಅದಕ್ಕೆ ‘ಪ್ಯಾಲಿಯೇಟಿವ್ ಕೇರ್’ (ನರಳಾಟ ತಗ್ಗಿಸುವ ಉಪಶಮನ ಆರೈಕೆ) ಅಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. ಡಾಕ್ಟರು ಕೈಬಿಟ್ಟರು ಅಂದುಕೊಳ್ಳುತ್ತಾರೆ. ಹಾಗಲ್ಲ. ಹೃದಯದ ಮಾತ್ರೆಗಳು ಮುಂದುವರಿಯುತ್ತವೆ. ಜೊತೆಗೆ ಏದುಸಿರು, ಸುಸ್ತು, ನಿದ್ದೆಗೇಡು, ಭಯಕ್ಕೂ ಆರೈಕೆ ಸಿಗುತ್ತದೆ. ಇದಕ್ಕೆ ಕೊನೆಗಾಲ ಬರಲಿ ಅಂತ ಕಾಯಬೇಕಿಲ್ಲ.

ಮೊದಲು ತೂಕದ ಮೆಷಿನ್ ಮತ್ತು ಒಂದು ನೋಟ್‌ಬುಕ್ ತನ್ನಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೂ ಮುಂಚೆ ತೂಕ ನೋಡಿ ಬರೆಯಿರಿ. 3 ದಿನದಲ್ಲಿ 2 ಕೆ.ಜಿ.ಗಿಂತ ಜಾಸ್ತಿ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದೇ ತಿಳಿಯಿರಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಮೂತ್ರದಲ್ಲಿ ನೀರು ಹೊರಹಾಕುವ ಮಾತ್ರೆ ಹೆಚ್ಚಿಸಬೇಕಾಗಬಹುದು. ರಾತ್ರಿ ಎಷ್ಟು ದಿಂಬು ಬೇಕಾಯಿತು ಅಂತಲೂ ಬರೆದಿಡಿ. ಒಂದಿದ್ದದ್ದು ಮೂರಾದರೆ ಅದೂ ಹೇಳಬೇಕಾದ ವಿಷಯವೇ.

ಸಾರಿಗೆ ಉಪ್ಪು ಕಮ್ಮಿ ಹಾಕಿ, ಪಕ್ಕದಲ್ಲಿ ಹಪ್ಪಳ, ಉಪ್ಪಿನಕಾಯಿ ಬಡಿಸಿದರೆ ಏನು ಬಂತು? ‘ಲೋ ಸೋಡಿಯಂ’ ಉಪ್ಪನ್ನೂ ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ, ಕೆಲವು ಹೃದಯದ ಮಾತ್ರೆಗಳ ಜೊತೆ ಸೇರಿದರೆ ಅಪಾಯ. ಮಂಡಿನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ಸುಮ್ನೆ ಕೊಡಬೇಡಿ. ಅವು ನೀರನ್ನು ಮೈಯಲ್ಲೇ ಹಿಡಿದಿಡುತ್ತವೆ.

ಏದುಸಿರು ಬಂದಾಗ ಮಲಗಿಸಬೇಡಿ. ಮಂಚದ ಅಂಚಿಗೆ ಕೂರಿಸಿ, ಕಾಲು ಇಳಿಬಿಡಿ. ಎದುರಿಗೆ ಸ್ಟೂಲ್, ಅದರ ಮೇಲೆ ದಿಂಬು ಇಟ್ಟು, ಅದಕ್ಕೆ ಮೊಣಕೈ ಊರಿ ಬಾಗಲು ಹೇಳಿ. ಆಮೇಲೆ ಸಣ್ಣ ಫ್ಯಾನನ್ನು ಒಂದು ಗೇಣು ದೂರದಲ್ಲಿ ಹಿಡಿದು ಮೂಗು, ಕೆನ್ನೆಗೆ ಗಾಳಿ ಬಿಡಿ. ಮುಖಕ್ಕೆ ತಂಗಾಳಿ ತಾಗಿದರೆ ಉಸಿರು ಸಾಲದು ಅನ್ನಿಸುವುದು ತಗ್ಗುತ್ತದೆ. ರಾತ್ರಿ ಎರಡು ಗಂಟೆಗೆ ಕರೆಂಟಿಲ್ಲದೆ ನಮ್ಮಜ್ಜಿಗೆ ಬೀಸಣಿಗೆಯಲ್ಲಿ ಬೀಸಿದ್ದೆ, ಐದು ನಿಮಿಷಕ್ಕೆ ಭುಜ ಇಳಿಬಿಟ್ಟು, ‘ಇನ್ನು ಸಾಕು, ನೀನು ಮಲ್ಕೋ’ ಅಂದಿದ್ದರು. ಇದಕ್ಕೂ ಬಗ್ಗದ ದಿನನಿತ್ಯದ ಏದುಸಿರಿಗೆ ತೀರಾ ಸಣ್ಣ ಡೋಸಿನ ಮಾರ್ಫಿನ್ ಇದೆ, ಆದರೆ ಅದನ್ನು ಡಾಕ್ಟರೇ ಬರೆದುಕೊಡಬೇಕು. ಎದೆನೋವು ಬಂದರೆ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ.

ಎಲ್ಲಕ್ಕಿಂತ ಕಷ್ಟದ್ದು ಮಾತು. ಅವರು ಆರಾಮಾಗಿರುವ ದಿನ ನೋಡಿ ಕೇಳಿ: ‘ಅಮ್ಮಾ, ಮತ್ತೆ ಐಸಿಯು ಬೇಕಾ, ಮನೇಲೇ ಇರ್ತೀಯಾ?’ ಹೃದಯದ ಬಡಿತ ಅಪಾಯಕಾರಿಯಾಗಿ ತಪ್ಪಿದಾಗ ಶಾಕ್ ಕೊಡುವ ಐಸಿಡಿ ಎಂಬ ಸಣ್ಣ ಯಂತ್ರವನ್ನು ಎದೆಯಲ್ಲಿ ಅಳವಡಿಸಿದ್ದರೆ, ಕೊನೆಯ ದಿನಗಳಲ್ಲಿ ಅದರ ಶಾಕ್ ನಿಲ್ಲಿಸಬಹುದಾ ಅಂತ ಡಾಕ್ಟರನ್ನು ಈಗಲೇ ವಿಚಾರಿಸಿ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಇಷ್ಟವನ್ನು ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ 2018ರಲ್ಲೇ ಮಾನ್ಯತೆ ಕೊಟ್ಟಿದೆ. 2023ರಿಂದ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಅದರ ಒಂದು ಜೆರಾಕ್ಸ್ ಪ್ರಿಸ್ಕ್ರಿಪ್ಷನ್ ಫೈಲಿನಲ್ಲೇ ಇರಲಿ.